ಎನ್‌ಜೈಮಿಗೆ ಹೆಸರಿಟ್ಟ ಬಸಣ್ಯ

ದೋಸೆ ಮಾರೋ ಈರಮ್ಮನಿಗೆ ಒಬ್ಬನೇ ಮಗ, ಬಸಣ್ಯ. ಒಬ್ಬನೇ ಸಾಕಪ್ಪಾ ಅನ್ನಿಸುವಂಥ ಮಗ! ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ತೊಂದರೆ. ಅವರಿವರ ಕೈಕಾಲು ಹಿಡಿದು ಅವನನ್ನು ಕಾಲೇಜಿನ ಲ್ಯಾಬಿಗೆ ಅಟೆಂಡರ್ ಆಗಿ ಸೇರಿಸಿದಳು. ಸೋಮವಾರ ತಪಾಸಣೆಯ ಸಾಹೇಬರು ಬಂದು ನೋಡಿ ಒಪ್ಪಿದರೆ ಕೆಲಸ ಖಾಯಂ.

"ಮೇಡಂ ಹೇಳಿದಂಗೆ ಕೇಳು ಮಗಾ, ಅಷ್ಟ್ ಸಾಕು" ಅಂದಳು. ಅವನು ಕೇಳಿದ.

ಲ್ಯಾಬಿನ ವಾರಿಜಾಕ್ಷಿ ಮೇಡಂ ಹತ್ತು ಸೀಸೆಗಳನ್ನು ತೋರಿಸಿದರು. "ಇವೆಲ್ಲ ಎನ್‌ಜೈಮು, ಅಂದರೆ ಕಿಣ್ವ. ಒಂದೊಂದೂ ಒಂದೊಂದು ವಸ್ತುವನ್ನ ಒಡೆಯುತ್ತೆ. ಯಾವುದನ್ನ ಒಡೆಯುತ್ತೋ ಅದರ ಹೆಸರಿನ ಕೊನೇಲಿ 'ಏಸ್' ಅಂತ ಸೇರಿಸಿದರೆ ಹೆಸರಾಯ್ತು. ಮಾಲ್ಟೋಸ್ ಅನ್ನೋ ಸಕ್ಕರೆ ಒಡೆಯೋದು ಮಾಲ್ಟೇಸ್. ಹಾಗೆ ಚೀಟಿ ಬರೆದು ಅಂಟಿಸು."

ಬಸಣ್ಯ ಜೋರಾಗಿ ತಲೆಯಾಡಿಸಿದ. ಆ ಭರಕ್ಕೆ ಮೊಣಕೈ ತಾಗಿ ಗಾಜಿನ ಲೋಟ ಚೂರಾಯಿತು. ಸಂಜೆ ಮೇಡಂ ಬಂದು ನೋಡಿದರೆ ಅವನ ಎದೆ ಮೇಲೆ ಚೀಟಿ: 'ಗಾಜೇಸ್'. ಕ್ಯಾಂಟೀನಿನಲ್ಲಿ ತೆಂಗಿನಕಾಯಿ ಒಡೆಯುತ್ತಿದ್ದ ಭಟ್ಟರ ಬೆನ್ನ ಮೇಲೆ 'ಕಾಯೇಸ್'!

"ಅಯ್ಯೋ ಮಂಕೇ! ಅದು ಈಚಿನ ಪದ್ಧತಿ. ಹಳೇ ಹೆಸರು ಬೇರೆ ಥರ. ಪಪ್ಪಾಯದಲ್ಲಿ ಸಿಕ್ಕಿತು, ಪಪಾಯಿನ್ ಅಂದರು. ಎಲ್ಲಿ ಸಿಕ್ಕಿತು ಅಂತ ಮೊದಲು ನೋಡು!"

ಮರುದಿನ ನೋಡಿದ. ಬೀರುವಿನಲ್ಲಿ ಸಿಕ್ಕಿದ ಸೀಸೆಗೆ 'ಬೀರಿನ್'. ಮೇಜಿನಡಿ ಸಿಕ್ಕಿದ್ದಕ್ಕೆ 'ಮೇಜಿನ್'. ಪ್ರಿನ್ಸಿಪಾಲರ ಕನ್ನಡಕ ಬಚ್ಚಲಲ್ಲಿ ಸಿಕ್ಕಿತ್ತು, ಅದಕ್ಕೂ ಬಿತ್ತು ಚೀಟಿ, 'ಬಚ್ಚಲಿನ್'. ಅವರು ಅದನ್ನೇ ಹಾಕಿಕೊಂಡು ಪಾಠಕ್ಕೆ ಹೋದರು.

ಮೇಡಂ ಹಣೆ ಚಚ್ಚಿಕೊಂಡರು. "ನೀನು ಹೆಸರೇ ಬರೀಬೇಡ ಮಾರಾಯಾ! ಎನ್‌ಜೈಮ್ ಅನ್ನೋ ಮಾತಿಗೇ ಗ್ರೀಕಿನಲ್ಲಿ 'ಹುದುಗಿನ ಒಳಗೆ' ಅಂತ ಅರ್ಥ. ಹುದುಗು ಬಂದ ಹಿಟ್ಟಿನ ಒಳಗೆ, ತಿಳೀತಾ? ಈಗ ಚೀಟಿಯೆಲ್ಲ ಕಿತ್ತು, ಎಲ್ಲಾನೂ ಇರಬೇಕಾದ ಜಾಗದಲ್ಲಿ ಇಟ್ಟು ಮನೆಗೆ ಹೋಗು."

"ಇಡ್ತೀನಿ ಮೇಡಂ!"

ಸೋಮವಾರ ಸಾಹೇಬರು ಬಂದರು. ಬೀರು ತೆರೆದರೆ ಖಾಲಿ! "ಎನ್‌ಜೈಮ್ ಎಲ್ಲಯ್ಯಾ?"

"ಇರಬೇಕಾದ ಜಾಗದಾಗೇ ಅದಾವೆ ಸಾರ್!" ಅಂದ ಬಸಣ್ಯ, ಮನೆಗೆ ಓಡಿ ಅವ್ವನ ದೋಸೆ ಹಿಟ್ಟಿನ ಡಬರಿ ಹೊತ್ತು ತಂದ. ಹತ್ತೂ ಸೀಸೆಯನ್ನು ಅದರೊಳಗೆ ಸುರಿದಿದ್ದ. ಹಿಟ್ಟು ನೀರು ನೀರಾಗಿತ್ತು. ಹಿಂದೆಯೇ ಸೌಟು ಹಿಡಿದು ಈರಮ್ಮ ಓಡಿ ಬಂದಳು. "ಬೆಳಗ್ಗಿಂದ ಒಂದ್ ದೋಸೆ ಕಾವಲಿಯಿಂದ ಏಳ್ತಿಲ್ಲ, ಏನ್ ಮಾಡಿದ್ಯೋ!"

ಸಾಹೇಬರು ಡಬರಿ ನೋಡಿದರು, ಬಸಣ್ಯನನ್ನು ನೋಡಿದರು, ಬಾಗಿಲು ತೋರಿಸಿದರು.

"ಅಯ್ಯೋ ನನ್ನಪ್ಪಾ, ಸಿಕ್ಕಿದ್ ಕೆಲಸಾನ ಈ ಹಿಟ್ಟಿನಾಗೆ ಕಳ್ಕೊಂಡ್ಯಲ್ಲೋ!" ಈರಮ್ಮ ಗೋಳೋ ಅಂತ ಅತ್ತಳು. ಪಾಪ, ಹೆತ್ತ ಹೊಟ್ಟೆ, ಉರಿಯದೆ ಇರುತ್ತಾ?

ಅವ್ವ ಅತ್ತರೆ ಬಸಣ್ಯನಿಗೆ ತಡೆಯುವುದಿಲ್ಲ. "ಅಳಬ್ಯಾಡ ಕಣವ್ವ, ಇದ್ರಾಗೇ ಎಲ್ಲೋ ಐತೆ" ಅಂದವನೇ ಅಂಗಿ ತೋಳು ಮಡಚಿ, ಡಬರಿಯೊಳಗೆ ಭುಜದವರೆಗೆ ಕೈಬಿಟ್ಟು ಹುಡುಕತೊಡಗಿದ.