ಎಣಿಸುವ ಯಂತ್ರವೂ ತಬ್ಬಿಕೊಂಡ ಪ್ಲೇಟ್‌ಲೆಟ್‌ಗಳೂ

ಮಂಡಿ ಆಪರೇಷನ್ನಿಗೆ ಬಂದಿದ್ದ ಶಾವಂತ್ರವ್ವನ ರಕ್ತ ನೇರಳೆ ಮುಚ್ಚಳದ ಕೊಳವೆಯಲ್ಲಿ ಲ್ಯಾಬಿಗೆ ಬಂತು. ಎಣಿಸುವ ಯಂತ್ರ ಗುರ್ರೆಂದು ತಿರುಗಿ ಸಾರಿತು: "ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ತೀರಾ ಕಡಿಮೆ! ಆಪರೇಷನ್ ನಿಲ್ಲಿಸಿ!"

"ನಾವು ಬೇಕಾದಷ್ಟಿದ್ದೇವೆ!" ಎಂದು ಪ್ಲೇಟ್‌ಲೆಟ್‌ಗಳು ಕೂಗಿದವು. "ರಕ್ತ ಹೆಪ್ಪುಗಟ್ಟದಿರಲೆಂದು ಈ ಕೊಳವೆಯಲ್ಲಿ ಹಾಕಿದ ಔಷಧಿ ನಮಗೆ ಒಗ್ಗಲಿಲ್ಲ. ಗಾಬರಿಯಾದರೆ ತಬ್ಬಿಕೊಳ್ಳುವುದು ನಮ್ಮ ಹುಟ್ಟುಗುಣ. ನೀನು ಇಡೀ ಗುಂಪನ್ನು ಒಂದೇ ಎಂದು ಎಣಿಸಿದೆ."

"ನನಗೆ ಕಂಡದ್ದೇ ಲೆಕ್ಕ," ಎಂದಿತು ಯಂತ್ರ.

ಪಕ್ಕದಲ್ಲಿದ್ದ ನೀಲಿ ಮುಚ್ಚಳದ ಕೊಳವೆ ನಕ್ಕಿತು. ಅದರ ಹೊಟ್ಟೆಯಲ್ಲಿದ್ದದ್ದು ನಿಂಬೆಯ ಹುಳಿಯಿಂದಾದ ಉಪ್ಪಿನ ನೀರು; ಅದೂ ರಕ್ತ ಹೆಪ್ಪುಗಟ್ಟದಂತೆ ತಡೆಯುವಂಥದೇ. "ಇನ್ನೊಂದಿಷ್ಟು ರಕ್ತ ನನ್ನೊಳಗೆ ಹಾಕಿ ನೋಡಿ," ಎಂದಿತು.

"ಮತ್ತ ಚುಚ್ಚತೀರೇನ್ರೀ?" ಎಂದು ಗೊಣಗುತ್ತಲೇ ಶಾವಂತ್ರವ್ವ ವಾರ್ಡಿನಲ್ಲಿ ನರ್ಸಿನತ್ತ ತೋಳು ಚಾಚಿದಳು.

ನೀಲಿ ಮುಚ್ಚಳದ ಕೊಳವೆಯ ಆ ನೀರಿನಲ್ಲಿ ಪ್ಲೇಟ್‌ಲೆಟ್‌ಗಳು ಹಾಯಾಗಿ ಬಿಡಿಬಿಡಿಯಾಗಿ ತೇಲಿದವು. ಯಂತ್ರ ಮತ್ತೆ ಎಣಿಸಿತು. ಇರಬೇಕಾದಷ್ಟೂ ಇದ್ದವು! ಶಾವಂತ್ರವ್ವನ ಆಪರೇಷನ್ನಿಗೆ ಅಪ್ಪಣೆ ಸಿಕ್ಕಿತು.

"ಈಗೇನು ಹೇಳುತ್ತೀ?" ಎಂದು ನೀಲಿ ಮುಚ್ಚಳದ ಕೊಳವೆ ಕೇಳಿತು.

ಯಂತ್ರ ಗತ್ತು ಬಿಡಲಿಲ್ಲ. "ನನ್ನ ಎಣಿಕೆ ಆಗಲೂ ಸರಿಯಾಗಿತ್ತು. ಎಣಿಸಿಕೊಳ್ಳುವುದು ಈ ಪ್ಲೇಟ್‌ಲೆಟ್‌ಗಳಿಗೇ ಬರುತ್ತಿರಲಿಲ್ಲ."