ಇಳಿಜಾರಿನ ಡೀಸೆಲ್

ಮೊದಲೇ ಕ್ಷಮೆ ಕೇಳುತ್ತೇನೆ. ನನಗೆ ಕತೆ ಬರೆದು ಅಭ್ಯಾಸವಿಲ್ಲ, ಇದೇ ಮೊದಲು. ನಮ್ಮ ಗ್ಯಾರೇಜಿನ ಉಸ್ತಾದರು ಹೇಳಿದಾಗ ಈ ಕತೆ ಚಿಕ್ಕದಾಗಿತ್ತು. ಲಾರಿ ಓಡಿಸದವರಿಗೂ ತಿಳಿಯಲಿ ಎಂದು ನಾನು ಅಲ್ಲಲ್ಲಿ ವಿವರಿಸುತ್ತ ಹೋಗಿ ಉದ್ದವಾಗಿದೆ. ತಪ್ಪಿದ್ದರೆ ನನ್ನದು, ಅವರದಲ್ಲ.

"ಉಸ್ತಾದ್ರ, ಡೀಸೆಲ್ ಉಳಸೂದು ಆಯಿಲೋ, ಕಾಲೋ?"

ಕೇಳಿದವನು ಫಕ್ಕೀರೇಶ. ಉಸ್ತಾದ ಮೌಲಾಸಾಬರ ಕೈಯಲ್ಲಿ ಲಾರಿ ಕಲಿತವನು. ಕಾಲು ಎಂದರೆ ಇಲ್ಲಿ ಆಕ್ಸಿಲರೇಟರ್ ಒತ್ತುವ ಕಾಲು, ಅಂದರೆ ಗಾಡಿ ಓಡಿಸುವ ರೀತಿ. ಅವನ ಲಾರಿ ಲೋಡಾಗಿ ಹುಬ್ಬಳ್ಳಿಯ ನಮ್ಮ ಗ್ಯಾರೇಜಿನ ಮುಂದೆ ನಿಂತಿತ್ತು. ಆಯಿಲ್ ಬದಲಿಸಿಕೊಂಡು ಅವನು ಘಟ್ಟ ಇಳಿದು ಕರಾವಳಿಗೆ ಹೋಗಬೇಕಿತ್ತು. ಈ ಸಲವೂ ಎವರೇಜ್ ಬರದಿದ್ದರೆ ಗಾಡಿಯನ್ನು ಬೇರೆಯವನಿಗೆ ಕೊಡುತ್ತೇನೆ ಎಂದು ಮಾಲೀಕ ಹೇಳಿದ್ದ. ಎವರೇಜ್ ಎಂದರೆ ಒಂದು ಲೀಟರ್ ಡೀಸೆಲ್‌ಗೆ ಗಾಡಿ ಓಡುವ ಕಿಲೋಮೀಟರ್. ಲಾರಿಯವರು ಹಾಗೆಯೇ ಅನ್ನುತ್ತಾರೆ.

ಉಸ್ತಾದರು ನೇರ ಉತ್ತರ ಕೊಡಲಿಲ್ಲ. ಹಳೆಯ ಟಯರಿನ ಮೇಲೆ ಕುಳಿತು ಈ ಕತೆ ಹೇಳಿದರು.

ಒಬ್ಬ ಮಾಲೀಕನಿದ್ದ. ಅವನ ಬಳಿ ಒಂದೇ ವರ್ಷದ, ಒಂದೇ ಕಂಪನಿಯ ಎರಡು ಲಾರಿಗಳಿದ್ದವು. ಓಡಿಸಲು ಇಬ್ಬರು ಡ್ರೈವರುಗಳು. ಒಬ್ಬ ಚುರುಕು, ಒಬ್ಬ ನಿಧಾನ. ಹೊಸ ಲಾರಿಯೊಂದು ಬರುವುದಿತ್ತು. ಯಾರ ಗಾಡಿಯ ಎವರೇಜ್ ಹೆಚ್ಚೋ ಅವನಿಗೇ ಆಯುಧಪೂಜೆಯ ದಿನ ಹೊಸ ಗಾಡಿಯ ಕೀಲಿ ಎಂದು ಮಾಲೀಕ ಮಾತು ಕೊಟ್ಟ.

ಚುರುಕಿನವನಿಗೆ ಆ ಲಾರಿ ಬೇಕೇ ಬೇಕಿತ್ತು. ಅವನು ಮೊದಲು ಆಯಿಲಿನ ಕಡೆ ನೋಡಿದ. ಅಲ್ಲಿಯವರೆಗೆ ಅವನು ಆಯಿಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿ, ಆಮೇಲೆ ಖರೀದಿಸುತ್ತಿದ್ದ. ಬೆರಳಿಗೆ ದಪ್ಪ ಹತ್ತಿದರೆ ಒಳ್ಳೆಯದು ಎಂದು ನಂಬಿದ್ದ. ಬಹಳ ಡ್ರೈವರುಗಳು ಹಾಗೆಯೇ ನಂಬುತ್ತಾರೆ. ಒಬ್ಬ ಗ್ಯಾರೇಜ್ ಮೇಸ್ತ್ರಿ ಅವನಿಗೆ ಹೇಳಿದ: "ಬೆರಳಿಗೇನ ಗೊತ್ತೋ ಮಾರಾಯ, ಕಂಪನಿ ಪುಸ್ತಕ ನೋಡು. ಬೇಕಾದ್ದಕ್ಕಿಂತ ದಪ್ಪ ಹಾಕಿದರ, ಎಂಜಿನ್ ಗಾಡಿ ಎಳಿಯೂದು ಬಿಟ್ಟು ಆಯಿಲ್ ಕಲಸಕೋತ ಕೂಡತೈತಿ." ಕಾಕಂಬಿಯಲ್ಲಿ ಸೌಟು ತಿರುಗಿಸಿದವರಿಗೆ ಇದು ಅರ್ಥವಾಗುತ್ತದೆ. ನೀರಿನಲ್ಲಿ ತಿರುಗಿಸುವುದಕ್ಕೂ ಅದರಲ್ಲಿ ತಿರುಗಿಸುವುದಕ್ಕೂ ಕೈಗೆ ಬೀಳುವ ಶ್ರಮ ಬೇರೆ. ಆ ಶ್ರಮವೂ ಡೀಸೆಲ್ಲೇ.

ಅವನು ಪುಸ್ತಕದಲ್ಲಿ ಹೇಳಿದ ಆಯಿಲನ್ನೇ ಹಾಕಿಸಿದ. ನೂರು ಲೀಟರ್ ಡೀಸೆಲ್ ಕುಡಿಯುತ್ತಿದ್ದ ಗಾಡಿ ಅದೇ ದಾರಿಗೆ ತೊಂಬತ್ತೆಂಟು ಕುಡಿಯಿತು. ಸಣ್ಣ ಉಳಿತಾಯ, ಆದರೆ ನಿಜವಾದದ್ದು.

ಅದೇ ವಾರ ಅವನು ಇನ್ನೊಂದು ಕೆಲಸವನ್ನೂ ಶುರುಮಾಡಿದ್ದ. ಇಳಿಜಾರು ಬಂದರೆ ಸಾಕು, ಗೇರ್ ತೆಗೆದು ನ್ಯೂಟ್ರಲ್‌ನಲ್ಲಿ ಗಾಡಿ ಬಿಡುತ್ತಿದ್ದ. ನ್ಯೂಟ್ರಲ್ ಎಂದರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವಿಲ್ಲದ ಸ್ಥಿತಿ. ಎಂಜಿನ್ ತನ್ನಷ್ಟಕ್ಕೆ ಗುರುಗುಡುತ್ತಿರುತ್ತದೆ, ಲಾರಿ ತನ್ನ ಭಾರಕ್ಕೆ ತಾನೇ ಉರುಳುತ್ತದೆ. ಎವರೇಜ್ ಏರಿದ್ದನ್ನು ನೋಡಿ, ಇದೆಲ್ಲ ನ್ಯೂಟ್ರಲ್ಲಿನ ಮಹಿಮೆ ಎಂದು ಅವನು ತಿಳಿದ. ಆಯಿಲ್ ಮಾಡಿದ ಕೆಲಸಕ್ಕೆ ಗೇರ್ ತೆಗೆದ ಅವನ ಕೈಗೆ ಹೆಸರು ಬಂತು.

ಆದರೂ ನಿಧಾನದವನ ಎವರೇಜ್ ಅವನಿಗಿಂತ ಸ್ವಲ್ಪ ಮೇಲೆಯೇ ಇತ್ತು. ಏಕೆ ಎಂದು ಚುರುಕಿನವನಿಗೆ ಹೊಳೆಯಲಿಲ್ಲ. ಇನ್ನೂ ಹೆಚ್ಚು ನ್ಯೂಟ್ರಲ್ ಬಿಡಬೇಕು ಎಂದಷ್ಟೇ ಹೊಳೆಯಿತು.

ಆಯುಧಪೂಜೆಗೆ ಮೂರು ದಿನ ಉಳಿದಿತ್ತು. ಇಬ್ಬರೂ ಲೋಡು ತುಂಬಿಕೊಂಡು ಘಟ್ಟದ ತಲೆಯಲ್ಲಿರುವ ಚಹಾದಂಗಡಿಗೆ ಬಂದರು. ನಿಧಾನದವನು ಲಾರಿ ಹತ್ತುವ ಮೊದಲು ಕೇಳಿದ:

"ಏನಲೇ, ಇವತ್ತರ ಗೇರ್ ಹಾಕತಿಯೋ, ಗೇರ್‌ಬಾಕ್ಸ್ ಮನ್ಯಾಗ ಇಟ್ಟ ಬಂದಿಯೋ?"

"ನೀ ಎಂಜಿನ್ನಿಗೆ ಡೀಸೆಲ್ ಕುಡಸಕೋತ ಬಾ, ಅಣ್ಣಾ. ನಾ ಕೆಳಗ ಊಟಾ ಮುಗಿಸಿ ನಿನಗ ಬೀಡಾ ಕಟ್ಟಿಸಿ ಇಟ್ಟಿರತೀನಿ."

ಹೀಗೆಂದು ಅವನು ಮೊದಲ ತಿರುವಿನಲ್ಲೇ ಗೇರ್ ತೆಗೆದ.

ಎರಡನೆಯ ತಿರುವಿನವರೆಗೆ ಸುಖವಾಗಿತ್ತು. ಮೂರನೆಯದರಲ್ಲಿ ಬ್ರೇಕನ್ನು ಹೆಚ್ಚು ಹೊತ್ತು ಒತ್ತಬೇಕಾಯಿತು. ನಾಲ್ಕನೆಯದರಲ್ಲಿ ಸುಟ್ಟ ವಾಸನೆ ಬಂತು. ಗೇರಿನಲ್ಲಿದ್ದರೆ ಎಂಜಿನ್ ಲಾರಿಯನ್ನು ಹಿಂದಕ್ಕೆ ಹಿಡಿದಿರುತ್ತಿತ್ತು. ಈಗ ಅಷ್ಟೂ ಭಾರವನ್ನು ಬ್ರೇಕೊಂದೇ ಹಿಡಿಯಬೇಕಿತ್ತು. ಬ್ರೇಕ್ ಡ್ರಮ್ಮು ಮಿತಿಮೀರಿ ಕಾದರೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ.

ಐದನೆಯ ತಿರುವು ಕಳೆದಾಗ ಮುಂದೆ ಒಂದು ಬಸ್ಸು ಕಂಡಿತು. ತುಂಬಿದ ಬಸ್ಸು. ಸಣ್ಣ ಗೇರಿನಲ್ಲಿ ಮೆಲ್ಲಗೆ ಇಳಿಯುತ್ತಿತ್ತು. ಹಿಂದಿನ ಗಾಜಿನಲ್ಲಿ ಒಂದು ಮಗು ಅವನತ್ತ ಕೈಬೀಸುತ್ತಿತ್ತು.

ಅವನು ಬ್ರೇಕ್ ಒತ್ತಿದ. ಲಾರಿ ನಿಲ್ಲಲಿಲ್ಲ. ಗೇರ್ ಹಾಕಲು ನೋಡಿದ. ಹಲ್ಲುಗಳು ಗರಗರ ಕಚ್ಚಾಡಿದವು, ಗೇರ್ ಕೂಡಲಿಲ್ಲ. ಆ ವೇಗದಲ್ಲಿ ಅದು ಕೂಡುವುದಿಲ್ಲ. ಇನ್ನೊಮ್ಮೆ ನೋಡಿದ. ಕೂಡಲಿಲ್ಲ. ಹಾರ್ನ್ ಒತ್ತಿ ಹಿಡಿದ. ಬಸ್ಸಿಗೆ ಸರಿಯಲು ಜಾಗವಿರಲಿಲ್ಲ. ಬಲಕ್ಕೆ ಕಣಿವೆ, ಎಡಕ್ಕೆ ಬಂಡೆ. ಮಗು ಕೈಬೀಸುವುದನ್ನು ನಿಲ್ಲಿಸಿತು.

ಅವನು ಸ್ಟೇರಿಂಗನ್ನು ಎಡಕ್ಕೆ ಎಳೆದ.

ಲಾರಿ ಬಂಡೆಗೆ ಉಜ್ಜುತ್ತ, ಕಿಡಿ ಹಾರಿಸುತ್ತ ಹೋಗಿ ಚರಂಡಿಗೆ ಬಿದ್ದು ನಿಂತಿತು. ಕ್ಯಾಬಿನ್ನಿನ ಎಡಭಾಗ ಸೀಟಿನವರೆಗೆ ಒಳಗೆ ಬಂದಿತ್ತು. ಅವನು ಬದುಕಿದ್ದ. ಬಸ್ಸು ಮುಂದಿನ ತಿರುವಿನಲ್ಲಿ ಮರೆಯಾಯಿತು.

ಮಾಲೀಕ ಬಂದು ಬೈಯಲಿಲ್ಲ. ಕಂಪನಿಯ ಮೆಕ್ಯಾನಿಕ್ಕನ್ನು ಕರೆಸಿ, ಎರಡೂ ಗಾಡಿಗಳಿಗೆ ಕಂಪ್ಯೂಟರ್ ಹಚ್ಚಿ ನೋಡಿಸಿದ. ಯಾವ ದಾರಿಯಲ್ಲಿ ಎಂಜಿನ್ ಎಷ್ಟು ಡೀಸೆಲ್ ಕುಡಿಯಿತು ಎಂಬುದೆಲ್ಲ ಅದರಲ್ಲಿ ಉಳಿದಿರುತ್ತದೆ. ನಿಧಾನದವನ ಲಾರಿ ಘಟ್ಟ ಇಳಿಯುವಾಗ ಕುಡಿದದ್ದು ಸೊನ್ನೆ. ಚುರುಕಿನವನ ಲಾರಿ ಪ್ರತಿ ಇಳಿಜಾರಿನಲ್ಲೂ ಕುಡಿದಿತ್ತು.

"ತಿರುವಮುರುವ ಹೇಳಾಕತ್ತಿ," ಎಂದ ಚುರುಕಿನವನು.

"ಗೇರಿನ್ಯಾಗ ಇಟ್ಟು ಕಾಲು ತಗದರ, ಚಕ್ರಗೋಳ ಎಂಜಿನ್ನ ತಿರಗಸತಾವ. ಡೀಸೆಲ್ ತಾನ ಬಂದ್ ಆಗತೈತಿ," ಎಂದ ಮೆಕ್ಯಾನಿಕ್. "ನ್ಯೂಟ್ರಲ್‌ನಾಗ ಎಂಜಿನ್ನಿಗೆ ತಿರಗಸಾವರು ಯಾರೂ ಇಲ್ಲ. ಆರಬಾರದು ಅಂದ್ರ ಅದು ಕುಡೀಲೇಬೇಕು."

ಇಷ್ಟು ಹೇಳಿ ಉಸ್ತಾದರು ಕತೆ ಮುಗಿಸಿದರು. ಫಕ್ಕೀರೇಶ ತನ್ನ ಲಾರಿಯ ಕಡೆ ನೋಡಿದ. ಮತ್ತೆ ಉಸ್ತಾದರ ಕಡೆ ತಿರುಗಿ, ಮಾತು ಬದಲಿಸುವವನಂತೆ ಕೇಳಿದ:

"ಹಂಗಾರ ಆಯಿಲಿಂದ ಏನೂ ತಪ್ಪಿಲ್ಲಲ್ರೀ?"

"ಆಯಿಲ್ ತನ್ನ ಪಾಲಿಂದು ಮಾಡಿತ್ತಪಾ. ಡಬ್ಬಿ ಮ್ಯಾಲೆ ಎರಡು ನಂಬರ್ ಇರತಾವ ನೋಡು. ಮೊದಲನೇದು, ಥಂಡಿಯೊಳಗ ಎಷ್ಟು ಸಸಾರ ಹರೀತೈತಿ ಅನ್ನೂದು. ಎರಡನೇದು, ಎಂಜಿನ್ ಕಾದ ಮ್ಯಾಲೆ..."

"ಉಸ್ತಾದ್ರ, ಎಂಜಿನ್ ಸರಪಳಿಗೆ ಕಟ್ಟಿ ಮ್ಯಾಲೆ ಎತ್ತೇವ್ರೀ! ಹಿಡಿಯಾಕ ನೀವ ಬರಬೇಕು, ಲಗೂನ ಬರ್ರೀ!" ಎಂದು ಒಳಗಿನಿಂದ ಯಾರೋ ಕೂಗಿದರು.

ಎರಡನೆಯ ನಂಬರು ಅಲ್ಲಿಗೇ ನಿಂತಿತು. ಉಸ್ತಾದರು ಕೈ ಒರೆಸಿಕೊಂಡು ಎದ್ದರು. ನಾಲ್ಕು ಹೆಜ್ಜೆ ಹೋದವರು ತಿರುಗಿ ನೋಡದೆ ಹೇಳಿದರು:

"ಅಂವ ನ್ಯೂಟ್ರಲ್ ಬಿಟ್ಟಿದ್ದನ್ನ ಬಿಟ್ಟಿ ಅಂತ ತಿಳಕೊಂಡಿದ್ದ, ಫಕ್ಕೀರೇಶಾ."