ಆಡುಸೋಗೆಯ ಕಷಾಯ

ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಬಿಳಿ ಹೂ ಬಿಡುವ ಆಡುಸೋಗೆಯನ್ನು ಮಾತ್ರ ಆಡೂ ಮೂಸಿ ನೋಡಿ ಬಿಟ್ಟುಬಿಡುತ್ತದೆ, ಅಷ್ಟು ಕಹಿ. ಆದರೆ ಎದೆಯಲ್ಲಿ ಕಟ್ಟಿದ ಕಫ ಇಳಿಯಲು ಜನ ಕೇಳುತ್ತಿದ್ದದ್ದು ಅದರ ಎಲೆಯ ಕಷಾಯವನ್ನೇ.

ಹೊಳೆದಂಡೆಯ ಆಶ್ರಮದ ಗುರು ಸೋಮವ್ವ ಸ್ನಾನ ಮುಗಿಸಿ ಬಂದಾಗ ಶಿಷ್ಯ ಕೊಟ್ರೇಶ ಬೀಗುತ್ತ ನಿಂತಿದ್ದ.

"ಅವ್ವಾ, ಇವತ್ತು ನಾನೇ ಮದ್ದು ಕೊಟ್ಟೆ. ಆಚೆ ದಡದ ಹಾಲವ್ವ ಕೆಮ್ಮಿಗೆ ಕೇಳಿಕೊಂಡು ಬಂದಿದ್ದಳು. ಆಡುಸೋಗೆ ಕಾಸಿ ತಂಬಿಗೆ ತುಂಬ ಕಳಿಸಿದೆ."

"ಕೆಮ್ಮು ಯಾರಿಗೆ?"

"ಅವಳ ಸೊಸೆಗಂತೆ."

"ಸೊಸೆಯನ್ನು ನೋಡಿದೆಯಾ?"

"ನೋಡುವುದೇನಿದೆ ಅವ್ವಾ? ಕೆಮ್ಮು ಅಂದರೆ ಕೆಮ್ಮು."

ಸೋಮವ್ವ ಹಿಂಡಿ ತಂದಿದ್ದ ಸೀರೆಯನ್ನು ಮಣ್ಣಿಗೆಸೆದರು.

"ಆ ಹುಡುಗಿ ಆರು ತಿಂಗಳ ಬಸುರಿ ಕಣೋ! ಬಸುರಿಗೆ ಆಡುಸೋಗೆ ಕೊಟ್ಟರೆ ಗರ್ಭ ನಿಂತೀತೇ?"

"ಹಾಲವ್ವ ಹೇಳಲೇ ಇಲ್ಲ..."

"ಹೇಳುವುದು ಅವಳ ಕೆಲಸವೋ, ಕೇಳುವುದು ನಿನ್ನ ಕೆಲಸವೋ? ಇನ್ನೂ ನಿಂತಿದ್ದೀಯಲ್ಲ, ಓಡು! ಅವಳ ಬಾಯಿಗೆ ಬೀಳುವ ಮೊದಲು ಚೆಲ್ಲು!"

ಹರಿಗೋಲು ಆಚೆ ದಡದಲ್ಲಿತ್ತು. ಕೊಟ್ರೇಶ ಈಜಿದ.

ಹಾಲವ್ವನ ಅಂಗಳಕ್ಕೆ ನುಗ್ಗಿದಾಗ ಸೊಸೆ ಮೂಗು ಹಿಡಿದುಕೊಂಡು ಬಟ್ಟಲನ್ನು ತುಟಿಯ ಹತ್ತಿರ ತಂದಿದ್ದಳು. ಅವನು ಕಸಿದು ಚೆಲ್ಲಿದ. ತಂಬಿಗೆಯನ್ನೂ ಬೋರಲು ಹಾಕಿದ.

"ಕುಡಿದೆಯೇನಮ್ಮಾ?"

"ಇಲ್ಲಣ್ಣಾ. ವಾಸನೆಗೇ ಓಕರಿಕೆ ಬಂತು."

"ಕೊಡುವವನೂ ನೀನೇ, ಚೆಲ್ಲುವವನೂ ನೀನೇ! ತಲೆ ನೆಟ್ಟಗಿದೆಯೇನೋ?" ಹಾಲವ್ವ ಪೊರಕೆ ಎತ್ತಿದಳು.

ಅದು ಬಸುರಿ ಕುಡಿಯಬಾರದ ಮದ್ದು ಎಂದು ಅವನು ಬಾಯಿಬಿಟ್ಟ. ಆಗ ಪೊರಕೆ ಬೆನ್ನಿಗೇ ಬಿತ್ತು.

ಹರಿಗೋಲಿಗೂ ಕಾಯದೆ ಮರಳಿ ಈಜುವಾಗ ಅವನಿಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. ಏಳು ವರ್ಷ ಸೊಪ್ಪು ಅರೆದದ್ದು ಪೊರಕೆ ಏಟು ತಿನ್ನಲಿಕ್ಕೇ?

ಸೋಮವ್ವ ನೀರಿನಂಚಿನಲ್ಲೇ ನಿಂತಿದ್ದರು.

"ಕುಡಿದಿರಲಿಲ್ಲ," ಎಂದ ಕೊಟ್ರೇಶ.

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ತೆರೆದಾಗ ಕಣ್ಣು ಮೊದಲಿನಷ್ಟೇ ಕೆಂಪಗಿತ್ತು.

ಅವನಿಗೂ ತಡೆಯಲಾಗಲಿಲ್ಲ. "ನನ್ನದೇನು ತಪ್ಪು ಅವ್ವಾ? 'ನೀನು ಕುಡಿದು ನೋಡದ ಮದ್ದನ್ನು ಇನ್ನೊಬ್ಬರಿಗೆ ಕೊಡಬೇಡ' ಅಂದವರು ನೀವೇ. ಏಳು ದಿನ, ಬೆಳಗೂ ಬೈಗೂ, ಅದೇ ಕಷಾಯ ನಾನು ಕುಡಿದಿದ್ದೇನೆ. ನನಗೇನಾಯಿತು ಹೇಳಿ!"

ಸೋಮವ್ವ ಅವನ ಒದ್ದೆ ಹೊಟ್ಟೆಯನ್ನು ಬೆರಳಿನಿಂದ ತಿವಿದರು.

"ಇದರೊಳಗೆ ಯಾರಿದ್ದರು?"